ಹೆಚ್ಚು ಬೆಲೆಗೆ ಹೆಚ್ಚು ಗುಣವೆ?

ನಿಮ್ಮ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ಹಣ ಕೊಟ್ಟಿದ್ದಾರೆ ಎಂದುಕೊಳ್ಳಿ. ಆ ಹಣದಲ್ಲಿ ತರಗತಿಗೆ ಒಂದು ಟಿವಿ, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್, ಇವನ್ನೆಲ್ಲ ಜೋಡಿಸಲು ಕೇಬಲ್‌ಗಳು, ಜೊತೆಗೆ ಟ್ಯಾಬ್ಲೆಟ್‌ಗೆ ಒಂದು ಚಾರ್ಜರ್ ಕೊಳ್ಳಬೇಕು. ವಿಜ್ಞಾನದ ಶಿಕ್ಷಕರೆಂದು ನಿಮ್ಮನ್ನೇ ಅಂಗಡಿಗೆ ಕಳುಹಿಸಿದ್ದಾರೆ. ಅಂಗಡಿಯವರು ಪ್ರತಿ ವಸ್ತುವನ್ನೂ ಎರಡೆರಡು ಬಗೆಯಲ್ಲಿ ತಂದಿಡುತ್ತಾರೆ. "ಸರ್, ಇದು ಸಾದಾ. ಇದು ಪ್ರೀಮಿಯಂ. ರೇಟು ಸ್ವಲ್ಪ ಜಾಸ್ತಿ, ಆದರೆ ಕ್ವಾಲಿಟಿ ನೋಡಿ!" ಎನ್ನುತ್ತಾರೆ. ಎರಡೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಬೆಲೆ ಮಾತ್ರ ದುಪ್ಪಟ್ಟು. ಈಗ ಏನು ಮಾಡುತ್ತೀರಿ?

"ದುಡ್ಡಿಗೆ ತಕ್ಕ ಕಜ್ಜಾಯ" ಎಂಬ ಗಾದೆಯನ್ನು ನಂಬಿ ಎಲ್ಲವನ್ನೂ ದುಬಾರಿಯದನ್ನೇ ಕೊಂಡರೆ ಹಣ ಅರ್ಧ ಪಟ್ಟಿಗೇ ಮುಗಿದುಹೋಗುತ್ತದೆ. ಎಲ್ಲವನ್ನೂ ಅಗ್ಗದ್ದೇ ತಂದರೆ ಎರಡು ವರ್ಷದಲ್ಲಿ ಅವು ಮೂಲೆ ಸೇರಬಹುದು. ಚಾರ್ಜರಿನ ವಿಷಯದಲ್ಲಂತೂ ಮಕ್ಕಳ ಜೀವಕ್ಕೇ ಅಪಾಯ ಒದಗಬಹುದು. ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳೋಣ: ಹೆಚ್ಚಿನ ಹಣ ಎಲ್ಲಿ ನಮಗೆ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ?

ಬೆಲೆ ಎಂಬುದು ಒಂದೇ ಅಂಕಿ. ಆದರೆ ಅದರೊಳಗೆ ಕಚ್ಚಾವಸ್ತು, ವಿನ್ಯಾಸ, ಪರೀಕ್ಷೆ, ಖಾತರಿ, ದುರಸ್ತಿ ಸೌಲಭ್ಯ, ಜಾಹೀರಾತು, ಹೆಸರು ಎಲ್ಲವೂ ಬೆರೆತಿರುತ್ತವೆ. ಇವನ್ನು ಬಿಡಿಸಿ ನೋಡಲು ಮೂರು ಪ್ರಶ್ನೆಗಳು ಸಾಕು. ಒಂದು, ಹೆಚ್ಚು ಎಂದು ಹೇಳುತ್ತಿರುವ ಗುಣವನ್ನು ಅಳೆಯಬಹುದೆ? ಎರಡು, ಆ ಹೆಚ್ಚಳ ನಮ್ಮ ಕಣ್ಣಿಗೋ ಕಿವಿಗೋ ಕೆಲಸಕ್ಕೋ ತಲುಪುತ್ತದೆಯೆ? ಮೂರು, ಕಣ್ಣಿಗೆ ಕಾಣದ ಒಳಭಾಗದಲ್ಲಿ ಏನನ್ನು ಹಾಕಿದ್ದಾರೆ, ಏನನ್ನು ಬಿಟ್ಟಿದ್ದಾರೆ? ಪಟ್ಟಿಯಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಈ ಪ್ರಶ್ನೆಗಳ ಮುಂದೆ ನಿಲ್ಲಿಸೋಣ.

ಕಣ್ಣಿಗೆ ಎಷ್ಟು ಸಾಕು?

ಮೊದಲು ಟಿವಿ. ಪರದೆಯ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆಗಿರುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಸಾಲಿಗೆ 1920 ಮತ್ತು ಕಂಬಸಾಲಿಗೆ 1080 ಪಿಕ್ಸೆಲ್‌ಗಳಿರುತ್ತವೆ. 4ಕೆ ಪರದೆಯಲ್ಲಿ ಇವು 3840 ಮತ್ತು 2160. ಅಂದರೆ ಒಟ್ಟು ಪಿಕ್ಸೆಲ್‌ಗಳು ನಾಲ್ಕು ಪಟ್ಟು. ಇದು ಅಳೆಯಬಹುದಾದ ಗುಣ. ಮೊದಲ ಪ್ರಶ್ನೆಯಲ್ಲಿ 4ಕೆ ಪಾಸಾಯಿತು.

ಎರಡನೆಯ ಪ್ರಶ್ನೆ: ಈ ವ್ಯತ್ಯಾಸ ಕಣ್ಣಿಗೆ ತಲುಪುತ್ತದೆಯೆ? ಕಣ್ಣಿನ ವೈದ್ಯರು 6/6 ಎಂದು ಹೇಳುವ ದೃಷ್ಟಿ ಕೋನದ 1 ಮಿನಿಟಿನಷ್ಟು, ಅಂದರೆ 1 ಡಿಗ್ರಿಯ 60ನೇ ಒಂದು ಭಾಗದಷ್ಟು ವಿವರವನ್ನು ಬಿಡಿಸಿ ನೋಡಬಲ್ಲದು. ರೇಡಿಯನ್ನಿನಲ್ಲಿ ಇದು ಸುಮಾರು 0.00029. ಎರಡು ಚುಕ್ಕಿಗಳ ನಡುವಿನ ಕೋನ ಇದಕ್ಕಿಂತ ಕಡಿಮೆಯಾದರೆ ಅವು ಒಂದಾಗಿ ಕಾಣುತ್ತವೆ.

ಲೆಕ್ಕ ಮಾಡಿ ನೋಡಿ. 43 ಅಂಗುಲದ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಇದನ್ನು 1920ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.5 ಮಿ.ಮೀ. ಬರುತ್ತದೆ. ಅದನ್ನು 0.00029ರಿಂದ ಭಾಗಿಸಿದರೆ 1.7 ಮೀಟರ್. ಅಷ್ಟು ದೂರದಿಂದಾಚೆ ಕುಳಿತವರಿಗೆ ಫುಲ್ ಎಚ್‌ಡಿಯ ಪಿಕ್ಸೆಲ್‌ಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. 4ಕೆ ಪರದೆಯ ಪಿಕ್ಸೆಲ್ ಅದರ ಅರ್ಧ. ಅದರ ಪೂರ್ಣ ಲಾಭ ಸಿಗಬೇಕಾದರೆ 85 ಸೆಂಟಿಮೀಟರ್ ದೂರದಲ್ಲಿ ಕೂರಬೇಕು! ಕೆಲವರ ದೃಷ್ಟಿ 6/6ಕ್ಕಿಂತ ಚುರುಕಾಗಿರುತ್ತದೆ. ಅಂಥವರಿಗೆ ಈ ದೂರ ಸ್ವಲ್ಪ ಹೆಚ್ಚಬಹುದು. ಆದರೂ ತರಗತಿಯ ಕೊನೆಯ ಬೆಂಚು ಟಿವಿಯಿಂದ 6 ಮೀಟರ್ ದೂರದಲ್ಲಿದೆಯಲ್ಲ! ಅಷ್ಟು ದೂರದಲ್ಲಿ 1 ಮಿನಿಟಿನ ಕೋನಕ್ಕೆ ಸುಮಾರು 1.75 ಮಿ.ಮೀ. ಸರಿಹೊಂದುತ್ತದೆ. ಅಲ್ಲಿ ಕುಳಿತ ಹುಡುಗನಿಗೆ ಫುಲ್ ಎಚ್‌ಡಿಯ ಮೂರೂವರೆ ಪಿಕ್ಸೆಲ್‌ಗಳು ಸೇರಿ ಒಂದೇ ಚುಕ್ಕಿ.

ಆ ಹುಡುಗನಿಗೆ ಬೇಕಾದದ್ದು ದೊಡ್ಡ ಅಕ್ಷರ. ಕಣ್ಣಿನ ಪರೀಕ್ಷೆಯ ಫಲಕದಲ್ಲಿ 6 ಮೀಟರ್ ದೂರದಿಂದ 6/6 ದೃಷ್ಟಿ ಓದುವ ಅಕ್ಷರದ ಎತ್ತರ 5 ಮಿನಿಟು, ಅಂದರೆ ಸುಮಾರು 8.7 ಮಿ.ಮೀ. ಇದು ಕಷ್ಟಪಟ್ಟು ಓದುವ ಮಿತಿ. ಸುಲಭವಾಗಿ ಓದಲು ಇದರ ಎರಡು ಮೂರು ಪಟ್ಟು ಬೇಕು. ಕನ್ನಡದ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಹಾಗಾಗಿ ನಮಗೆ ಇನ್ನೂ ಸ್ವಲ್ಪ ದೊಡ್ಡದೇ ಬೇಕು. ಆದ್ದರಿಂದ ತರಗತಿಗೆ ಟಿವಿ ಕೊಳ್ಳುವಾಗ ಹೆಚ್ಚಿನ ಹಣವನ್ನು ಪರದೆಯ ಗಾತ್ರಕ್ಕೆ ಮತ್ತು ಹಗಲು ಬೆಳಕಿನಲ್ಲೂ ಕಾಣುವಷ್ಟು ಪ್ರಕಾಶಕ್ಕೆ ಹಾಕುವುದು ಲೇಸು. ಇಂದು ದೊಡ್ಡ ಪರದೆಗಳು ಬಹುಪಾಲು 4ಕೆ ಆಗಿಯೇ ಬರುತ್ತವೆ. ಬಂದರೆ ಬರಲಿ. ಆದರೆ 4ಕೆ ಎಂಬ ಚೀಟಿಗಾಗಿ ಗಾತ್ರವನ್ನು ಕಡಿಮೆ ಮಾಡಿಕೊಳ್ಳಬೇಡಿ. ಕಂಪ್ಯೂಟರಿನ ಪರದೆಯ ಮುಂದೆ ಅರ್ಧ ಮೀಟರ್ ದೂರದಲ್ಲಿ ಕೂರುವವರಿಗೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಅವರಿಗೆ ಹೆಚ್ಚು ಪಿಕ್ಸೆಲ್‌ಗಳು ನಿಜಕ್ಕೂ ಉಪಯುಕ್ತ.

ಕಿವಿಗೆ ಎಷ್ಟು ಸಾಕು?

ಧ್ವನಿಯ ಉಪಕರಣಗಳಲ್ಲಿ ದುಬಾರಿ ಮಾಲಿನ ಮೋಹ ಇನ್ನೂ ಹೆಚ್ಚು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತಾರೆ. ಒಂದು ತರಂಗವನ್ನು ಅದರ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಅದನ್ನು ಪೂರ್ತಿಯಾಗಿ ಮತ್ತೆ ಕಟ್ಟಬಹುದು ಎಂಬುದು ನೈಕ್ವಿಸ್ಟ್ ಮತ್ತು ಶ್ಯಾನನ್ ಅವರ ಹೆಸರಿನ ಪ್ರಮೇಯ. 44,100ರ ಅರ್ಧ 22,050. ಮನುಷ್ಯನ ಕಿವಿ ಕೇಳುವ ಮೇಲಿನ ಮಿತಿ 20,000 ಹರ್ಟ್ಸ್. ವಯಸ್ಸಾದಂತೆ ಅದೂ ಕೆಳಗಿಳಿಯುತ್ತದೆ. 16 ಬಿಟ್‌ಗಳಿಂದ 65,536 ಮಟ್ಟಗಳು ದೊರೆಯುತ್ತವೆ. ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ.

ಇಷ್ಟಿದ್ದರೂ ಸೆಕೆಂಡಿಗೆ 96,000 ಅಥವಾ 1,92,000 ಸಲ ಅಳೆದ, 24 ಬಿಟ್‌ನ ಧ್ವನಿಮುದ್ರಣಗಳನ್ನೂ ಅವುಗಳನ್ನು ನುಡಿಸುವ ಉಪಕರಣಗಳನ್ನೂ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಕಿವಿಗೆ ವ್ಯತ್ಯಾಸ ತಿಳಿಯುತ್ತದೆಯೆ? ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಇದನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೇಳುಗರಿಗೆ ಯಾವುದು ಯಾವುದೆಂದು ತಿಳಿಸದೆ, ಹೆಚ್ಚಿನ ದರ್ಜೆಯ ಧ್ವನಿಯನ್ನೂ ಅದನ್ನೇ ಸಿಡಿ ದರ್ಜೆಗೆ ಇಳಿಸಿದ ಧ್ವನಿಯನ್ನೂ ಕೇಳಿಸಿದರು. 554 ಸಲ ಕೇಳಿಸಿದಾಗ 276 ಸಲ ಉತ್ತರ ಸರಿಯಾಗಿತ್ತು. ಅಂದರೆ ಶೇ. 49.8. ನಾಣ್ಯ ಚಿಮ್ಮಿಸಿ ಉತ್ತರ ಹೇಳಿದ್ದರೂ ಇಷ್ಟೇ ಬರುತ್ತಿತ್ತು! ಮುಂದೆ 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಎಂಬವರು ಇಂಥ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದರು. ಸರಿಯುತ್ತರಗಳು ಶೇ. 52ರ ಆಸುಪಾಸು. ತರಬೇತಿ ಪಡೆದ ಕೇಳುಗರಲ್ಲಿ ಇದು ಇನ್ನಷ್ಟು ಹೆಚ್ಚಾಗಿತ್ತು. ಅಂದರೆ ವ್ಯತ್ಯಾಸ ಸೊನ್ನೆ ಎಂದು ಹೇಳಲಾಗದು. ಆದರೆ ಅದು ಬಹಳ ಸಣ್ಣದು. ತರಗತಿಯ ಗಲಾಟೆಯ ನಡುವೆ ಅದಕ್ಕೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಇನ್ನು ಆಂಪ್ಲಿಫೈಯರ್. 50 ವ್ಯಾಟಿನದಕ್ಕಿಂತ 100 ವ್ಯಾಟಿನದು ಎರಡರಷ್ಟು ಜೋರಾಗಿ ಕೇಳುತ್ತದೆ ಎಂದು ಅನೇಕರು ಭಾವಿಸುತ್ತಾರೆ. ನಮ್ಮ ಇಂದ್ರಿಯಗಳು ಹಾಗೆ ಕೆಲಸ ಮಾಡುವುದಿಲ್ಲ. ಶಕ್ತಿ ದುಪ್ಪಟ್ಟಾದರೆ ಧ್ವನಿಮಟ್ಟ 3 ಡೆಸಿಬೆಲ್‌ನಷ್ಟು ಮಾತ್ರ ಏರುತ್ತದೆ. ಕಿವಿಗೆ "ಸ್ವಲ್ಪ ಜೋರಾಯಿತು" ಎನ್ನಿಸುವಷ್ಟು. ಎರಡರಷ್ಟು ಜೋರು ಎನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು.

ಹಾಗಾದರೆ ಧ್ವನಿಗೆ ಹೆಚ್ಚು ಹಣ ಹಾಕಲೇಬಾರದೆ? ಹಾಕಬಹುದು, ಸ್ಪೀಕರಿಗೆ. ವಿದ್ಯುತ್ ಸಂಕೇತವನ್ನು ಗಾಳಿಯ ಕಂಪನವಾಗಿ ಬದಲಿಸುವ ಕೆಲಸ ಯಾಂತ್ರಿಕವಾದದ್ದು. ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕು, ಸುರುಳಿ, ಅಯಸ್ಕಾಂತ, ಮರದ ಪೆಟ್ಟಿಗೆ ಎಲ್ಲವೂ ತಮ್ಮದೇ ರಾಗ ಸೇರಿಸುತ್ತವೆ. ಇಲ್ಲಿ ಒಂದಕ್ಕೊಂದಕ್ಕೆ ಹಲವು ಡೆಸಿಬೆಲ್‌ಗಳ ವ್ಯತ್ಯಾಸ ಇರುತ್ತದೆ. ಅದನ್ನು ಅಳೆಯಬಹುದು. ಯಾವ ತರಬೇತಿಯೂ ಇಲ್ಲದ ಕಿವಿಗೂ ಅದು ತಿಳಿಯುತ್ತದೆ. ಒಂದು ಶಕ್ತಿರೂಪ ಇನ್ನೊಂದಾಗಿ ಬದಲಾಗುವ ಜಾಗದಲ್ಲೇ ಗುಣದ ವ್ಯತ್ಯಾಸ ಹೆಚ್ಚು ಎಂಬುದನ್ನು ನೆನಪಿಡಿ. ಕ್ಯಾಮರಾದ ಮಸೂರ, ಮೈಕು, ಸ್ಪೀಕರು, ಪರದೆ ಇವೆಲ್ಲ ಬೆಳಕೋ ಧ್ವನಿಯೋ ಉಪಕರಣದ ಒಳಗೆ ಬರುವ, ಹೊರಗೆ ಹೋಗುವ ಬಾಗಿಲುಗಳು.

ತಂತಿಯ ಲೆಕ್ಕ

ಟಿವಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್‌ನಲ್ಲಿ ಹರಿಯುವುದು 0 ಮತ್ತು 1ಗಳು. ಆ ತುದಿಯಲ್ಲಿರುವ ಸರ್ಕಿಟ್ಟು ಪ್ರತಿ ಬಿಟ್ಟನ್ನೂ "ಇದು 0, ಇದು 1" ಎಂದು ತೀರ್ಮಾನಿಸುತ್ತದೆ. ಸಂಕೇತ ಸ್ವಲ್ಪ ಕುಗ್ಗಿದರೂ ತೀರ್ಮಾನ ಸರಿಯಾಗಿರುವವರೆಗೆ ಚಿತ್ರ ಕಳುಹಿಸಿದಂತೆಯೇ ಬರುತ್ತದೆ. ತೀರಾ ಕುಗ್ಗಿದರೆ ಚಿತ್ರದಲ್ಲಿ ಮಿಂಚುವ ಚುಕ್ಕಿಗಳು ಕಾಣಿಸುತ್ತವೆ, ಇಲ್ಲವೇ ಚಿತ್ರವೇ ನಿಂತುಹೋಗುತ್ತದೆ. ಬಣ್ಣ ಹೆಚ್ಚು ಗಾಢವಾಗುವುದು, ಚಿತ್ರ ಹೆಚ್ಚು ಸ್ಪಷ್ಟವಾಗುವುದು, ಇದಾವುದೂ ಕೇಬಲ್‌ನಿಂದ ಆಗದು. ತುದಿಗೆ ಚಿನ್ನದ ಲೇಪ ಇದ್ದರೆ ಲೋಹಕ್ಕೆ ಕಿಲುಬು ಹಿಡಿಯುವುದು ತಪ್ಪುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅದು ಒಳ್ಳೆಯದೇ. ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಬಲ್ ಕೊಳ್ಳುವಾಗ ನೋಡಬೇಕಾದದ್ದು ಎರಡೇ: ಅದು ತಾಳಬಲ್ಲ ವೇಗ ಮತ್ತು ಅದರ ಉದ್ದ. ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಚಿತ್ರಕ್ಕೆ ಸೆಕೆಂಡಿಗೆ 18 ಗಿಗಾಬಿಟ್‌ನ ಕೇಬಲ್ ಸಾಕು. ಉದ್ದ ಹೆಚ್ಚಿದಷ್ಟೂ ಈ ವೇಗ ತಾಳುವುದು ಕಷ್ಟ.

ಸ್ಪೀಕರಿನ ತಂತಿಯ ಕಥೆ ಬೇರೆ. ಅದನ್ನು ಓಮ್ ನಿಯಮದಿಂದಲೇ ಬಿಡಿಸಬಹುದು. ಆಂಪ್ಲಿಫೈಯರ್‌ನಿಂದ ಸ್ಪೀಕರ್ 5 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ತಂತಿಯ ಉದ್ದ 10 ಮೀಟರ್. ತಾಮ್ರದ ರೋಧಶೀಲತೆ ಮೀಟರಿಗೆ 0.017 ಓಮ್, ಅಡ್ಡಕೊಯ್ತ 1 ಚದರ ಮಿ.ಮೀ. ಇದ್ದಾಗ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಂತಿ ಹಾಕಿದರೆ ರೋಧ 0.11 ಓಮ್. ಸ್ಪೀಕರಿನ ರೋಧ 8 ಓಮ್ ಎಂದುಕೊಂಡರೆ ನಷ್ಟ 0.12 ಡೆಸಿಬೆಲ್. ಕಿವಿಗೆ ತಿಳಿಯದು. 0.2 ಚದರ ಮಿ.ಮೀ.ನ ತೆಳು ತಂತಿ ಹಾಕಿದರೆ ರೋಧ 0.85 ಓಮ್, ನಷ್ಟ ಸುಮಾರು 0.9 ಡೆಸಿಬೆಲ್. ಆದ್ದರಿಂದ ದಪ್ಪ ತಂತಿಗೆ ನಾಲ್ಕು ಕಾಸು ಹೆಚ್ಚು ಕೊಡಿ. "ವಿಶೇಷ ತಾಮ್ರ" ಎಂಬ ಮಾತಿಗೆ ಕೊಡಬೇಡಿ.

ಚಾರ್ಜಿಂಗ್ ಕೇಬಲ್‌ನಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಅಗ್ಗದ ಕೇಬಲ್‌ನ ತಂತಿ 0.08 ಚದರ ಮಿ.ಮೀ. ಇದ್ದು, ಉದ್ದ 1 ಮೀಟರ್ ಆಗಿದ್ದರೆ ಹೋಗಿ ಬರುವ ರೋಧ ಸುಮಾರು 0.43 ಓಮ್. ಅದರಲ್ಲಿ 2 ಆಂಪಿಯರ್ ಹರಿದರೆ 0.85 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 5 ವೋಲ್ಟ್ ಹೊರಟದ್ದು 4.15 ವೋಲ್ಟ್ ಆಗಿ ತಲುಪುತ್ತದೆ. ಟ್ಯಾಬ್ಲೆಟ್ ಗಂಟೆಗಟ್ಟಲೆ ಚಾರ್ಜ್ ಆಗದಿದ್ದರೆ ದೋಷ ಬ್ಯಾಟರಿಯದೇ ಆಗಿರಬೇಕಿಲ್ಲ.

ಕಾಣದ ಕಡೆ ಇರುವ ಗುಣ

ಇಲ್ಲಿಯವರೆಗೆ ನೋಡಿದ್ದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಗುಣಗಳನ್ನು. ಬರೆದಿಲ್ಲದ ಗುಣಗಳೂ ಇವೆ. ಉಪಕರಣದ ಆಯುಸ್ಸನ್ನು ನಿರ್ಧರಿಸುವುದು ಬಹುಮಟ್ಟಿಗೆ ಅವೇ.

ಆಂಪ್ಲಿಫೈಯರ್, ಟಿವಿ, ಎಲ್‌ಇಡಿ ಬಲ್ಬು ಎಲ್ಲದರ ವಿದ್ಯುತ್ ಪೂರೈಕೆಯ ಭಾಗದಲ್ಲೂ ಸಣ್ಣ ಡಬ್ಬಿಯಂಥ ಧಾರಕಗಳು, ಅಂದರೆ ಕೆಪಾಸಿಟರುಗಳು ಇರುತ್ತವೆ. ಅಲ್ಯೂಮಿನಿಯಮ್ ಹಾಳೆಗಳ ನಡುವೆ ವಿದ್ಯುದ್ವಿಭಾಜ್ಯ ದ್ರವದಲ್ಲಿ ನೆನೆದ ಕಾಗದ ಇಟ್ಟು ಸುತ್ತಿ ಇವನ್ನು ಮಾಡುತ್ತಾರೆ. ಕಾವಿಗೆ ಆ ದ್ರವ ರಬ್ಬರ್ ಬಿರಡೆಯ ಮೂಲಕ ನಿಧಾನವಾಗಿ ಆವಿಯಾಗುತ್ತದೆ. ಧಾರಕತೆ ಕಡಿಮೆಯಾಗಿ, ಒಳರೋಧ ಹೆಚ್ಚಿ, ಇನ್ನಷ್ಟು ಕಾವು ಹುಟ್ಟುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಸ್ಸು ದುಪ್ಪಟ್ಟಾಗುತ್ತದೆ ಎಂಬುದು ಎಂಜಿನಿಯರರು ಬಳಸುವ ಸ್ಥೂಲ ನಿಯಮ.

85 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಒಂದು ಧಾರಕ, 105 ಡಿಗ್ರಿಯಲ್ಲಿ 5000 ಗಂಟೆ ಬಾಳುವ ಇನ್ನೊಂದು ಧಾರಕ ಇವೆ ಎನ್ನಿ. ಪೆಟ್ಟಿಗೆಯ ಒಳಗೆ 65 ಡಿಗ್ರಿ ಇದ್ದರೆ ಮೊದಲನೆಯದು 2000ದ ನಾಲ್ಕು ಪಟ್ಟು, ಅಂದರೆ 8000 ಗಂಟೆ ಬಾಳುತ್ತದೆ. ಎರಡನೆಯದು 5000ದ 16 ಪಟ್ಟು, ಅಂದರೆ 80,000 ಗಂಟೆ. ದಿನಕ್ಕೆ 6 ಗಂಟೆ ಬಳಸಿದರೆ ಮೊದಲನೆಯದರ ಆಯುಸ್ಸು ಮೂರೂವರೆ ವರ್ಷದ ಸುಮಾರು. ಎರಡನೆಯದರದು ಕಾಗದದ ಮೇಲೆ 36 ವರ್ಷ. ನಿಜದಲ್ಲಿ ಅಷ್ಟರೊಳಗೆ ಬೇರೇನೋ ಕೆಡುತ್ತದೆ. ಆದರೆ ಈ ಎರಡು ಧಾರಕಗಳ ಬೆಲೆಯ ನಡುವಿನ ಅಂತರ ಕೆಲವೇ ರೂಪಾಯಿಗಳು! 1999ರಿಂದ 2007ರವರೆಗಿನ ವರ್ಷಗಳಲ್ಲಿ ಕೆಟ್ಟ ದ್ರವ ತುಂಬಿದ ಧಾರಕಗಳು ಲೋಕದ ತುಂಬ ಹರಡಿ, ಅಸಂಖ್ಯಾತ ಕಂಪ್ಯೂಟರುಗಳು ಅಕಾಲದಲ್ಲಿ ಕೆಟ್ಟವು. ಆಗ ಹೆಸರಾಂತ ಕಂಪನಿಗಳ ದುಬಾರಿ ಯಂತ್ರಗಳೂ ಪಾರಾಗಲಿಲ್ಲ. ಅಂದರೆ ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಒಳಗಿನ ಬಿಡಿಭಾಗ ಒಳ್ಳೆಯದೆಂದು ಹೇಳಲಾಗದು.

5 ವೋಲ್ಟಿನ ಹಿಂದೆ 325 ವೋಲ್ಟ್

ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದು ಚಾರ್ಜರ್. ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದೂ ಅದೇ.

ಗೋಡೆಯ ಪ್ಲಗ್ಗಿನ 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಗರಿಷ್ಠ ಬೆಲೆ ಸುಮಾರು 325 ವೋಲ್ಟ್. ಚಾರ್ಜರಿನ ಒಳಗೆ ಅದನ್ನು ಏಕಮುಖಗೊಳಿಸಿ, ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿ, ಪುಟ್ಟ ಪರಿವರ್ತಕದ ಮೂಲಕ 5 ವೋಲ್ಟಿಗೆ ಇಳಿಸುತ್ತಾರೆ. ಪರಿವರ್ತಕದ ಎರಡು ಸುರುಳಿಗಳ ನಡುವಿನ ಅವಾಹಕ ಪದರ ಮತ್ತು ಮುದ್ರಿತ ಹಲಗೆಯ ಮೇಲೆ ಎರಡು ಬದಿಗಳ ನಡುವೆ ಬಿಟ್ಟಿರುವ ಕೆಲವು ಮಿಲಿಮೀಟರ್ ಖಾಲಿ ಜಾಗ, ಇವೇ 325 ವೋಲ್ಟಿಗೂ ಮಗುವಿನ ಕೈಗೂ ನಡುವೆ ಇರುವ ಗೋಡೆ. ಎರಡೂ ಬದಿಗಳನ್ನು ಸೇರಿಸುವ ಒಂದು ವಿಶೇಷ ಧಾರಕವೂ ಇರುತ್ತದೆ. ಅದು ಕೆಟ್ಟರೂ ದಾರಿ ತೆರೆಯದಂತೆ ಅದನ್ನು ರೂಪಿಸಿರುತ್ತಾರೆ. ಲೋಹದ ಕವಚದ ಉಪಕರಣ ಚಾರ್ಜ್ ಆಗುವಾಗ ಕೆಲವೊಮ್ಮೆ ಕೈಗೆ ಸಣ್ಣಗೆ ಜುಂ ಎನ್ನುವುದು ಇದರಿಂದಲೇ. ಧಾರಕತೆ 1 ನ್ಯಾನೋಫ್ಯಾರಡ್ ಇದ್ದರೆ 50 ಹರ್ಟ್ಸ್‌ನಲ್ಲಿ ಹರಿಯುವ ವಿದ್ಯುತ್ತು ಹೆಚ್ಚೆಂದರೆ 72 ಮೈಕ್ರೊಆಂಪಿಯರ್. ಅದರಿಂದ ಅಪಾಯವಿಲ್ಲ.

ತೀರಾ ಅಗ್ಗದ ನಕಲಿ ಚಾರ್ಜರುಗಳಲ್ಲಿ ಉಳಿತಾಯ ಮಾಡುವುದು ಈ ಗೋಡೆಯಲ್ಲೇ. ಅವಾಹಕ ಪದರ ತೆಳ್ಳಗಿರುತ್ತದೆ, ಖಾಲಿ ಜಾಗ ಕಿರಿದಾಗಿರುತ್ತದೆ, ವಿಶೇಷ ಧಾರಕದ ಬದಲು ಸಾಮಾನ್ಯ ಧಾರಕ ಕುಳಿತಿರುತ್ತದೆ. ಅಂಥ ಚಾರ್ಜರೂ 5 ವೋಲ್ಟನ್ನೇ ಕೊಡುತ್ತದೆ. ಟ್ಯಾಬ್ಲೆಟ್ ಚಾರ್ಜ್ ಆಗುತ್ತದೆ. ಮೀಟರ್ ಹಚ್ಚಿ ನೋಡಿದರೂ ದೋಷ ಕಾಣದು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಒಂದು ಸಂಜೆ ತಂತಿಯಲ್ಲಿ ವೋಲ್ಟೇಜು ತಟ್ಟನೆ ಏರಿದಾಗ ಗೋಡೆ ಬಿರಿಯುತ್ತದೆ. ಆಗ ಟ್ಯಾಬ್ಲೆಟ್ಟನ್ನು ಕೈಯಲ್ಲಿ ಹಿಡಿದವರ ಗತಿ ಏನು? ಇಲ್ಲಿ ನೂರಿನ್ನೂರು ರೂಪಾಯಿ ಉಳಿಸುವುದು ಜಾಣತನವಲ್ಲ.

ಒಳಭಾಗ ಕಾಣದ ನಾವು ಇದನ್ನು ತಿಳಿಯುವುದು ಹೇಗೆ? ಇದಕ್ಕಾಗಿಯೇ ಭಾರತ ಸರ್ಕಾರ 2012ರಲ್ಲಿ ಹಲವು ಎಲೆಕ್ಟ್ರಾನಿಕ್ ವಸ್ತುಗಳಿಗೆ ಕಡ್ಡಾಯ ನೋಂದಣಿಯ ಆದೇಶ ಹೊರಡಿಸಿತು. ಅದರಂತೆ ಚಾರ್ಜರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬ್ಯೂರೋದ "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ತಯಾರಕರ ಯಾವ ವಸ್ತುವಿಗೆ ಸೇರಿದ್ದೆಂದು ತಿಳಿಯುತ್ತದೆ. ನಕಲಿಯವರು ಗುರುತನ್ನೂ ಅಚ್ಚು ಹಾಕಬಹುದು. ಆದ್ದರಿಂದ ಸಂಖ್ಯೆಯನ್ನು ತಾಳೆ ನೋಡುವುದು ಅಗತ್ಯ.

ಬೆಲೆಯೇ ಪ್ರಮಾಣಪತ್ರವಾದಾಗ

ಒಳಗಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇಂಥ ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲೋಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಕೊಳ್ಳುವವರಿಗೆ ಒಳ್ಳೆಯದು ಕೆಟ್ಟದ್ದು ಗುರುತಿಸಲಾಗದಿದ್ದರೆ ಅವರು ಒಳ್ಳೆಯದಕ್ಕೂ ಹೆಚ್ಚು ಬೆಲೆ ಕೊಡಲು ಹಿಂಜರಿಯುತ್ತಾರೆ. ಆಗ ಒಳ್ಳೆಯ ಮಾಲು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ. ಈ ವಿಚಾರಕ್ಕಾಗಿ ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಇದನ್ನು ತಪ್ಪಿಸುವ ದಾರಿ ಎಂದರೆ ಖಾತರಿ, ಮಾನಕದ ಗುರುತು, ಕಂಪನಿಯ ಹೆಸರು. ಹಾಗಾಗಿ ಹೆಸರಿಗೆ ಬೆಲೆಯೇ ಇಲ್ಲವೆನ್ನಲಾಗದು. ತಪ್ಪು ಮಾಡಿದರೆ ಕಳೆದುಕೊಳ್ಳುವುದು ಇರುವವನು ತುಸು ಎಚ್ಚರದಿಂದ ಇರುತ್ತಾನೆ.

ತೊಂದರೆ ಆರಂಭವಾಗುವುದು ಬೇರೆ ಯಾವ ಗುರುತೂ ಇಲ್ಲದೆ ಬೆಲೆಯನ್ನೇ ಗುಣದ ಗುರುತೆಂದು ನಾವು ಭಾವಿಸಿದಾಗ. ಅಂಗಡಿಯಲ್ಲಿ ಮನಸ್ಸು ಸುಲಭವಾಗಿ ಮೋಸಹೋಗುತ್ತದೆ. ಹೆಚ್ಚು ಪ್ರಕಾಶಕ್ಕೆ ತಿರುಗಿಸಿಟ್ಟ ಟಿವಿ ಪಕ್ಕದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ತುಸುವೇ ಜೋರಾಗಿ ನುಡಿಸಿದ ಸ್ಪೀಕರ್ ಹೆಚ್ಚು ಇಂಪಾಗಿ ಕೇಳುತ್ತದೆ. ಬೆಲೆ ಚೀಟಿ ಮೊದಲೇ ಕಂಡಿದ್ದರೆ ಕಿವಿ ಅದಕ್ಕೆ ತಕ್ಕಂತೆ ತೀರ್ಪು ಕೊಡುತ್ತದೆ.

ತರಗತಿಯಲ್ಲೊಂದು ಪರೀಕ್ಷೆ

ಇದಕ್ಕೆ ಮದ್ದು ಕುರುಡು ಪರೀಕ್ಷೆ. ವಿದ್ಯಾರ್ಥಿಗಳಿಂದಲೇ ಮಾಡಿಸಿ. ಒಂದು ಸಾದಾ, ಒಂದು ದುಬಾರಿ ಸ್ಪೀಕರ್ ತಂತಿಯನ್ನು ತನ್ನಿ. ಪರದೆಯ ಹಿಂದೆ ಒಬ್ಬ ವಿದ್ಯಾರ್ಥಿ ಪ್ರತಿ ಸಲವೂ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಒಂದನ್ನು, ಬಾಲ ಬಿದ್ದರೆ ಇನ್ನೊಂದನ್ನು ಜೋಡಿಸಿ ಬರೆದಿಟ್ಟುಕೊಳ್ಳಲಿ. ಉತ್ತರ ಬರೆದುಕೊಳ್ಳುವವರಿಗೂ ಅದು ಯಾವುದೆಂದು ತಿಳಿದಿರಬಾರದು. ಅವರ ಮುಖವೇ ಸುಳಿವು ಕೊಟ್ಟುಬಿಡುತ್ತದೆ. ಎರಡರಲ್ಲೂ ಧ್ವನಿಯ ಮಟ್ಟ ಒಂದೇ ಇರಬೇಕು. ಪ್ರತಿಯೊಬ್ಬರಿಗೂ ಹತ್ತು ಸಲ ಕೇಳಿಸಿ.

ಫಲಿತಾಂಶವನ್ನು ತೂಗಲು ಪ್ಯಾಸ್ಕಲನ ತ್ರಿಕೋನದ ಹತ್ತನೆಯ ಸಾಲು ಸಾಕು. ಬರೀ ಊಹೆಯಿಂದ ಹತ್ತರಲ್ಲಿ 9 ಅಥವಾ 10 ಸರಿಯಾಗುವ ಸಂಭವನೀಯತೆ 1024ರಲ್ಲಿ 11, ಅಂದರೆ ಸುಮಾರು ಶೇ. 1. ಏಳು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವುದು 1024ರಲ್ಲಿ 176, ಸುಮಾರು ಶೇ. 17. ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರೂ ಊಹಿಸಿಯೇ ಹೇಳಿದರೂ ಏಳು ಮಂದಿಯಷ್ಟು ಮಕ್ಕಳಿಗೆ ಏಳಕ್ಕೆ ಕಡಿಮೆಯಿಲ್ಲದ ಅಂಕ ಬರಬಹುದು! "ನಾನು ಕೇಳಿ ಹೇಳಬಲ್ಲೆ" ಎಂದವರನ್ನು ಮತ್ತೆ ಹತ್ತು ಸಲ ಪರೀಕ್ಷಿಸಿ. ಒಬ್ಬರ ಅನುಭವ ಯಾವಾಗ ಸಾಕ್ಷ್ಯವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬ ಪಾಠ ಮಕ್ಕಳಿಗೆ ಇದರಿಂದ ಚೆನ್ನಾಗಿ ತಿಳಿಯುತ್ತದೆ. ಆಮೇಲೆ ಇದೇ ಪರೀಕ್ಷೆಯನ್ನು ಎರಡು ಬೇರೆ ಬೇರೆ ಸ್ಪೀಕರುಗಳಿಂದ ಮಾಡಿ. ಅಲ್ಲಿ ಹೆಚ್ಚಿನ ಮಕ್ಕಳು ತಪ್ಪದೆ ಗುರುತಿಸುವುದನ್ನು ನೋಡುವಿರಿ.

ಮತ್ತೆ ಅಂಗಡಿಗೆ

ಈಗ ಪಟ್ಟಿ ಹಿಡಿದು ಮತ್ತೆ ಅಂಗಡಿಗೆ ಹೋಗೋಣ. ಟಿವಿಯಲ್ಲಿ ಗಾತ್ರಕ್ಕೂ ಪ್ರಕಾಶಕ್ಕೂ ಹಣ ಹಾಕಿ. ಆಂಪ್ಲಿಫೈಯರ್ ಕೋಣೆಗೆ ಸಾಕಾಗುವಷ್ಟು ಇರಲಿ. ಅಲ್ಲಿ ಉಳಿದದ್ದನ್ನು ಸ್ಪೀಕರಿಗೆ ಸೇರಿಸಿ. ಎಚ್‌ಡಿಎಂಐ ಕೇಬಲ್ ಬೇಕಾದ ವೇಗದ್ದಾದರೆ ಸಾದಾ ಸಾಕು. ಸ್ಪೀಕರಿಗೆ ದಪ್ಪ ತಂತಿ ಇರಲಿ. ಚಾರ್ಜರನ್ನು ನೋಂದಣಿ ಸಂಖ್ಯೆ ತಾಳೆ ನೋಡಿಯೇ ಕೊಳ್ಳಿ.

ಒಂದು ಭಾಗಾಕಾರವನ್ನೂ ಮರೆಯಬೇಡಿ. 6000 ರೂಪಾಯಿಯ ಆಂಪ್ಲಿಫೈಯರ್ ಎರಡು ವರ್ಷ ಬಾಳಿದರೆ ವರ್ಷಕ್ಕೆ 3000 ರೂಪಾಯಿ ಬೀಳುತ್ತದೆ. 9000 ರೂಪಾಯಿಯದು ಆರು ವರ್ಷ ಬಾಳಿದರೆ ವರ್ಷಕ್ಕೆ 1500. ಆದರೆ ಆರು ವರ್ಷ ಬಾಳುತ್ತದೆಂಬ ನಂಬಿಕೆಗೆ ಆಧಾರ ಬೇಕು. ಖಾತರಿ ಎಷ್ಟು ವರ್ಷದ್ದು, ಹತ್ತಿರದ ಊರಿನಲ್ಲಿ ದುರಸ್ತಿ ಮಾಡುವವರು ಇದ್ದಾರೆಯೆ, ಬಿಡಿಭಾಗ ಸಿಗುತ್ತದೆಯೆ, ಪೆಟ್ಟಿಗೆಯನ್ನು ತಿರುಪಿನಿಂದ ಬಿಚ್ಚಬಹುದೆ ಅಥವಾ ಅಂಟಿನಿಂದ ಮುಚ್ಚಿಬಿಟ್ಟಿದ್ದಾರೆಯೆ, ಇವನ್ನು ಅಂಗಡಿಯಲ್ಲೇ ಕೇಳಿ. ಉತ್ತರ ಕೊಡಲು ಅಂಗಡಿಯವರು ತಡವರಿಸಿದರೆ ಹೆಚ್ಚಿನ ಬೆಲೆ ಯಾವುದಕ್ಕೆ ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಮುಂದಿನ ಬಾರಿ ನಿಮ್ಮ ಶಾಲೆಗೆ ಏನಾದರೂ ಕೊಳ್ಳುವಾಗ ಹತ್ತನೆಯ ತರಗತಿಯ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಒಬ್ಬರ ಕೈಯಲ್ಲಿ ಅಳತೆ ಪಟ್ಟಿ, ಇನ್ನೊಬ್ಬರ ಕೈಯಲ್ಲಿ ಕಾಗದ ಪೆನ್ಸಿಲ್ ಇರಲಿ. ಪುಸ್ತಕದಲ್ಲಿ ಓದಿದ ಕೋನ, ರೋಧ, ಸಂಭವನೀಯತೆ ಎಲ್ಲವೂ ಆ ಅಂಗಡಿಯ ಕಟ್ಟೆಯ ಮೇಲೆ ಕೆಲಸಕ್ಕೆ ಬರುವುದನ್ನು ಅವರೇ ಕಾಣುತ್ತಾರೆ.